ರಾಕೆಟ್ಟಿಲ್ಲದೆ ಆಕಾಶಕ್ಕೆ ಸರಕು

ಒಂದು ಕಿಲೋಗ್ರಾಂ ಅಕ್ಕಿಯನ್ನು ಭೂಮಿಯ ಸುತ್ತ ತಿರುಗುವ ಉಪಗ್ರಹದ ವೇಗಕ್ಕೆ ಏರಿಸಬೇಕಾದರೆ ಎಷ್ಟು ವಿದ್ಯುಚ್ಛಕ್ತಿ ಬೇಕು? ಇದನ್ನು ತಿಳಿಯಲು ದೊಡ್ಡ ವಿದ್ವಾಂಸರೇ ಆಗಬೇಕಾಗಿಲ್ಲ. ಪೆನ್ಸಿಲು, ಕಾಗದ ಇದ್ದರೆ ಸಾಕು, ನಾವೇ ಲೆಕ್ಕ ಹಾಕಿ ನೋಡಬಹುದು.

ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಸುತ್ತುವ ವಸ್ತುವಿಗೆ ಸೆಕೆಂಡಿಗೆ ಸುಮಾರು ೮ ಕಿಲೋಮೀಟರ್ ವೇಗವಿರಬೇಕು. ಚಲಿಸುವ ವಸ್ತುವಿನ ಶಕ್ತಿಯನ್ನು ಕಾಣಲು ಅದರ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಬೇಕೆಂದು ಶಾಲೆಯಲ್ಲಿ ಓದಿದ್ದೇವೆ. ಹಾಗೆ ಮಾಡಿದರೆ ಒಂದು ಕಿಲೋಗ್ರಾಮಿಗೆ ೩ ಕೋಟಿ ೨೦ ಲಕ್ಷ ಜೌಲುಗಳೆಂದು ಬರುತ್ತದೆ. ನಮ್ಮ ಕರೆಂಟಿನ ಬಿಲ್ಲಿನಲ್ಲಿ ಬರೆಯುವ ಒಂದು ಯೂನಿಟ್ಟೆಂದರೆ ೩೬ ಲಕ್ಷ ಜೌಲು. ಭಾಗಿಸಿ ನೋಡಿದರೆ ಬರುವುದು ಸುಮಾರು ೯ ಯೂನಿಟ್ಟು! ಒಂದು ಕಿಲೋವಾಟಿನ ಇಸ್ತ್ರಿಪೆಟ್ಟಿಗೆ ೯ ಗಂಟೆ ಕಾದರೆ ತಗಲುವಷ್ಟೇ ವಿದ್ಯುತ್ತು.

ಇಷ್ಟು ಅಗ್ಗವಾದ ಕೆಲಸಕ್ಕೆ ರಾಕೆಟ್ಟುಗಳ ಮೇಲೆ ಕೋಟಿಗಟ್ಟಲೆ ಹಣ ಸುರಿಯುವುದೇಕೆ? ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಇದನ್ನೇ.

ರಾಕೆಟ್ಟಿನ ಕಷ್ಟ

ನಮ್ಮ ದೇಶದ ಎಲ್.ವಿ.ಎಂ.-೩ ರಾಕೆಟ್ಟು ಶ್ರೀಹರಿಕೋಟೆಯಿಂದ ಹೊರಡುವಾಗ ಸುಮಾರು ೬೪೦ ಟನ್ ತೂಗುತ್ತದೆ. ಅದು ಭೂಮಿಗೆ ಹತ್ತಿರದ ಕಕ್ಷೆಗೆ ಮುಟ್ಟಿಸಬಲ್ಲ ಸರಕು ೮ ಟನ್ನಿನವರೆಗೆ. ಒಂದು ಪಾಲು ಸರಕಿಗೆ ೮೦ ಪಾಲು ತೂಕ! ಕಾರಣ ಸ್ಪಷ್ಟವಾಗಿದೆ. ರಾಕೆಟ್ಟು ತನ್ನ ಇಂಧನವನ್ನೆಲ್ಲ ತಾನೇ ಹೊರಬೇಕು. ಹಾಗೆ ಹೊರುವುದಕ್ಕೆ ಮತ್ತಷ್ಟು ಇಂಧನ ಸುಡಬೇಕು. ದೂರದ ಊರಿಗೆ ಹೊರಟ ಎತ್ತಿನ ಗಾಡಿ ದಾರಿಯುದ್ದಕ್ಕೂ ಬೇಕಾದ ಹುಲ್ಲನ್ನೆಲ್ಲ ಹೇರಿಕೊಂಡು ಹೊರಟರೆ ಮೂಟೆಗಳಿಗೆ ಜಾಗವೆಲ್ಲಿ?

ಇಂಜಿನನ್ನೂ ಇಂಧನವನ್ನೂ ನೆಲದ ಮೇಲೆಯೇ ಬಿಟ್ಟು ಸರಕನ್ನು ಮಾತ್ರ ಎಸೆಯುವಂತಿದ್ದರೆ? ಈ ಯೋಚನೆಯಿಂದಲೇ ವಿದ್ಯುತ್ಕಾಂತದ ಉಡಾವಣೆಯ ಕಲ್ಪನೆ ಹುಟ್ಟಿತು.

ಫ್ಯಾನಿನಿಂದ ಹಳಿಗೆ

ವಾಚನಾಲಯದ ಸೂರಿನಲ್ಲಿ ತಿರುಗುವ ಹಳೆಯ ಮಾದರಿಯ ಫ್ಯಾನನ್ನು ನೋಡಿ. ಅದರ ನಡುವೆ ತಾಮ್ರದ ತಂತಿಯ ಸುರುಳಿಗಳು ಕದಲದೆ ಕುಳಿತಿರುತ್ತವೆ. ವಿದ್ಯುತ್ತು ಹರಿದಾಗ ಅವುಗಳ ಕಾಂತಬಲ ವೃತ್ತಾಕಾರವಾಗಿ ಸುತ್ತುತ್ತದೆ. ಹೊರಗಿನ ಭಾಗವು ಆ ಬಲದ ಬೆನ್ನು ಹತ್ತಿ ತಿರುಗುತ್ತದೆ. ಈ ಮೋಟಾರನ್ನು ಒಂದು ಕಡೆ ಕತ್ತರಿಸಿ ಚಾಪೆಯಂತೆ ನೆಲದ ಮೇಲೆ ಬಿಚ್ಚಿ ಹಾಸಿದೆವೆಂದು ಭಾವಿಸೋಣ. ಆಗ ಕಾಂತಬಲವು ಸುತ್ತುವುದಕ್ಕೆ ಬದಲು ನೇರವಾಗಿ ಓಡುತ್ತದೆ. ಅದರ ಮೇಲಿರುವ ಗಾಡಿಯೂ ನೇರವಾಗಿ ಓಡುತ್ತದೆ. ಇದಕ್ಕೆ ಸರಳರೇಖೆಯ ಮೋಟಾರು ಎನ್ನಬಹುದು.

ಇದು ಬರಿಯ ಕಲ್ಪನೆಯಲ್ಲ. ಹಳಿಯನ್ನು ಮುಟ್ಟದೆ ಕಾಂತಬಲದ ಮೇಲೆ ತೇಲಿ ಓಡುವ ಜಪಾನಿನ ರೈಲು ೨೦೧೫ರ ಏಪ್ರಿಲಿನಲ್ಲಿ ಗಂಟೆಗೆ ೬೦೩ ಕಿಲೋಮೀಟರ್ ವೇಗ ಮುಟ್ಟಿತು. ೨೦೧೭ರಲ್ಲಿ ಸೇವೆಗೆ ಸೇರಿದ ಅಮೆರಿಕದ ‘ಜೆರಾಲ್ಡ್ ಆರ್. ಫೋರ್ಡ್’ ಎಂಬ ಯುದ್ಧನೌಕೆಯಲ್ಲಿ ವಿಮಾನಗಳನ್ನು ಹಾರಿಸಲು ಹಬೆಯ ಬದಲು ಇಂಥ ಮೋಟಾರನ್ನೇ ಇಟ್ಟಿದ್ದಾರೆ. ಆದರೆ ಕಕ್ಷೆಗೆ ಬೇಕಾದ ವೇಗ ಆ ಜಪಾನಿ ರೈಲಿನ ವೇಗದ ಸುಮಾರು ೪೮ ಪಟ್ಟು ಎಂಬುದನ್ನು ಮರೆಯಬಾರದು.

ಮೊದಲಿಗರು

ನಾರ್ವೆ ದೇಶದ ಕ್ರಿಸ್ಟಿಯಾನ್ ಬಿರ್ಕೆಲಾಂಡ್ ಎಂಬ ವಿಜ್ಞಾನಿ ೧೯೦೧ರಲ್ಲಿಯೇ ವಿದ್ಯುತ್ಕಾಂತದ ತೋಪಿಗೆ ಹಕ್ಕುಪತ್ರ ಪಡೆದರು. ೧೯೦೩ರಲ್ಲಿ ಜನರನ್ನು ಕರೆದು ಅದನ್ನು ಪ್ರದರ್ಶಿಸುವಾಗ ತಂತಿಗಳು ಶಾರ್ಟ್ ಆಗಿ, ಕಣ್ಣು ಕೋರೈಸುವ ಬೆಂಕಿಯ ಕಮಾನು ಎದ್ದಿತು. ತೋಪಿನ ಆಸೆ ಅಲ್ಲಿಗೇ ಮುಗಿಯಿತು. ಆದರೆ ಅಂಥದೇ ವಿದ್ಯುತ್ ಕಮಾನಿನಿಂದ ಗಾಳಿಯಲ್ಲಿರುವ ಸಾರಜನಕವನ್ನು ಹಿಡಿಯುವ ವಿಧಾನವನ್ನು ಬಿರ್ಕೆಲಾಂಡರೂ ಸ್ಯಾಮ್ ಐಡೆ ಎಂಬ ಎಂಜಿನಿಯರರೂ ಕೂಡಿ ರೂಪಿಸಿದರು. ೧೯೦೫ರಲ್ಲಿ ಅದರಿಂದ ಗೊಬ್ಬರ ತಯಾರಿಸುವ ದೊಡ್ಡ ಕಂಪನಿಯೇ ಹುಟ್ಟಿತು. ಗುಂಡು ಹಾರಿಸಲಾರದ ತೋಪು ಹೊಲಗಳಿಗೆ ಗೊಬ್ಬರ ಕೊಟ್ಟಿತು!

ಬಳಿಕ ೧೯೫೦ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಇಂಗ್ಲೆಂಡಿನ ಒಂದು ಪತ್ರಿಕೆಯಲ್ಲಿ ವಿದ್ಯುತ್ಕಾಂತದಿಂದ ಉಡಾಯಿಸುವ ವಿಷಯವನ್ನು ಕುರಿತು ಲೆಕ್ಕಸಮೇತ ಬರೆದರು. ೧೯೭೦ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೆರಾರ್ಡ್ ಓನೀಲ್ ಈ ವಿಚಾರವನ್ನು ಮುಂದಕ್ಕೆ ಒಯ್ದರು. ಹೆನ್ರಿ ಕೋಲ್ಮ್ ಎಂಬವರೊಡನೆ ಸೇರಿ ಅವರು ಒಂದು ಚಿಕ್ಕ ಮಾದರಿಯನ್ನು ಮಾಡಿಸಿ ಓಡಿಸಿಯೂ ತೋರಿಸಿದರು. ಸಾಲಾಗಿ ಜೋಡಿಸಿದ ಸುರುಳಿಗಳು ಒಂದಾದಮೇಲೊಂದು ಎಚ್ಚತ್ತು ನಡುವಿನ ತೊಟ್ಟಿಯನ್ನು ಮುಂದೆ ಮುಂದೆ ನೂಕುವ ಏರ್ಪಾಡು ಅದು.

ಮೂರು ಅಡ್ಡಿಗಳು

ಇಷ್ಟೆಲ್ಲ ಆದರೂ ಭೂಮಿಯಿಂದ ಇದುವರೆಗೆ ಈ ರೀತಿ ಒಂದು ಮೂಟೆಯೂ ಕಕ್ಷೆಗೆ ಹೋಗಿಲ್ಲ. ಇದಕ್ಕೆ ಮೂರು ಅಡ್ಡಿಗಳಿವೆ.

ಮೊದಲನೆಯದು ಹಳಿಯ ಉದ್ದ. ಭೂಮಿಯ ಸೆಳೆತದ ೩ ಪಟ್ಟು ಒತ್ತಡವನ್ನು ಮನುಷ್ಯನು ತಾಳಬಲ್ಲ. ಆ ಮಿತಿಯಲ್ಲಿಯೇ ವೇಗ ಏರಿಸುತ್ತ ಹೋದರೆ ಹಳಿ ೧,೦೦೦ ಕಿಲೋಮೀಟರಿಗೂ ಮಿಕ್ಕಿ ಉದ್ದವಿರಬೇಕು. ಎಂದರೆ ಮುಂಬಯಿಯಿಂದ ಬೆಂಗಳೂರಿನ ದಾರಿಯಷ್ಟು. ಒತ್ತಡವನ್ನು ೧೦೦ ಪಟ್ಟಿಗೆ ಏರಿಸಿದರೆ ೩೨ ಕಿಲೋಮೀಟರ್ ಸಾಕು. ಆದರೆ ಆ ಗಾಡಿಯಲ್ಲಿ ಮನುಷ್ಯನು ಬದುಕಲಾರ. ನೀರು, ಲೋಹ, ಇಂಧನಗಳಿಗೆ ಮಾತ್ರ ಅದು ತಕ್ಕುದು. ಆದಕಾರಣ ಇದನ್ನು ಸರಕಿನ ದಾರಿಯೆಂದೇ ತಿಳಿಯಬೇಕು.

ಎರಡನೆಯದು ಅವಸರ. ಮೇಲೆ ಹೇಳಿದ ೩೨ ಕಿಲೋಮೀಟರ್ ಹಳಿಯಲ್ಲಿ ಒಂದು ಟನ್ ಸರಕನ್ನು ಎಸೆಯಲು ಬೇಕಾದುದು ಸುಮಾರು ೯,೦೦೦ ಯೂನಿಟ್ಟು. ಮೊತ್ತ ದೊಡ್ಡದಲ್ಲ. ಆದರೆ ಅಷ್ಟನ್ನೂ ೮ ಸೆಕೆಂಡಿನೊಳಗೆ ಕೊಡಬೇಕು! ಇದಕ್ಕೆ ಸರಾಸರಿ ೪,೦೦೦ ಮೆಗಾವಾಟ್ ಬೇಕು. ನಮ್ಮ ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ ೧,೦೩೫ ಮೆಗಾವಾಟ್. ಅಂಥ ನಾಲ್ಕು ವಿದ್ಯುದಾಗಾರಗಳು ಏಕಕಾಲಕ್ಕೆ ಹಳಿಯ ಮೇಲೆ ಸುರಿದಂತೆ ಆಗಬೇಕು. ತಿಂಗಳು ತಿಂಗಳಿಗೆ ಬಾಡಿಗೆ ಕಟ್ಟುವವನಿಗೆ ಹತ್ತು ವರ್ಷದ ಬಾಡಿಗೆಯನ್ನು ಈಗಲೇ ಬಾಗಿಲಲ್ಲಿ ಎಣಿಸಿಡು ಎಂದಂತೆ ಇದು. ಉಪಾಯವೇನೆಂದರೆ ಮೊದಲೇ ಕೂಡಿಡುವುದು. ಮೇಲೆ ಹೇಳಿದ ನೌಕೆಯಲ್ಲಿ ಭಾರಿ ಚಕ್ರಗಳನ್ನು ತಿರುಗಿಸಿ ಶಕ್ತಿಯನ್ನು ಅವುಗಳಲ್ಲಿ ಕೂಡಿಟ್ಟು, ಬೇಕಾದಾಗ ಎರಡು ಮೂರು ಸೆಕೆಂಡಿನಲ್ಲಿ ಬಿಡುತ್ತಾರೆ. ದುಬಾರಿಯಾಗುವುದು ಕರೆಂಟಲ್ಲ, ಈ ಕೂಡಿಡುವ ಏರ್ಪಾಡು.

ಮೂರನೆಯದು ಗಾಳಿ. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ನಿಂತಿರುವ ಗಾಳಿಯ ತೂಕ ಸುಮಾರು ೧೦ ಟನ್. ಸೆಕೆಂಡಿಗೆ ೮ ಕಿಲೋಮೀಟರ್ ವೇಗದಲ್ಲಿ ಇದನ್ನು ಸೀಳಿಕೊಂಡು ಹೊರಟ ವಸ್ತು ಉಲ್ಕೆಯಂತೆ ಉರಿಯುತ್ತದೆ; ವೇಗದ ಒಂದು ಪಾಲನ್ನೂ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಜೇಮ್ಸ್ ಪೊವೆಲ್, ಜಾರ್ಜ್ ಮೇಸ್ ಎಂಬ ಅಮೆರಿಕದ ಎಂಜಿನಿಯರರು ತಮ್ಮ ಯೋಜನೆಯಲ್ಲಿ ಗಾಳಿ ತೆಗೆದ ಸುಮಾರು ೧೩೦ ಕಿಲೋಮೀಟರ್ ಉದ್ದದ ಕೊಳವೆಯನ್ನು ಎತ್ತರದ ಪರ್ವತದ ಮೇಲೆ ಬಾಯ್ದೆರೆಯುವಂತೆ ಸೂಚಿಸಿದರು. ಇನ್ನೂ ಒಂದು ಮಾತು: ನೆಲದಿಂದ ಎಸೆದ ವಸ್ತು ತಾನಾಗಿ ಕಕ್ಷೆಯಲ್ಲಿ ನಿಲ್ಲದು, ಸುತ್ತಿ ಮತ್ತೆ ನೆಲಕ್ಕೇ ಬಂದು ಬೀಳುತ್ತದೆ. ಮೇಲೆ ಹೋದಮೇಲೆ ಅದನ್ನು ಪಕ್ಕಕ್ಕೆ ನೂಕಲು ಒಂದು ಪುಟ್ಟ ರಾಕೆಟ್ಟು ಬೇಕೇ ಬೇಕು. ಹೀಗಾಗಿ ರಾಕೆಟ್ಟು ಪೂರಾ ತಪ್ಪುವುದಿಲ್ಲ, ಬಹಳ ಸಣ್ಣದಾಗುತ್ತದೆ.

ಚಂದ್ರನ ಅನುಕೂಲ

ಇದೇ ಲೆಕ್ಕವನ್ನು ಚಂದ್ರನ ಮೇಲೆ ಹಾಕಿ ನೋಡೋಣ. ಅಲ್ಲಿ ವಾಯುಮಂಡಲದ ಅಡ್ಡಿಯಿಲ್ಲ. ಚಂದ್ರನ ಸೆಳೆತದಿಂದ ಪಾರಾಗಲು ಸೆಕೆಂಡಿಗೆ ೨.೪ ಕಿಲೋಮೀಟರ್ ವೇಗ ಸಾಕು. ಕಿಲೋಗ್ರಾಮಿಗೆ ಬೇಕಾದುದು ಒಂದು ಯೂನಿಟ್ಟಿಗಿಂತಲೂ ಕಡಿಮೆ, ೦.೮ ಯೂನಿಟ್ಟು. ಭೂಮಿಯ ಸೆಳೆತದ ೧೦೦ ಪಟ್ಟು ಒತ್ತಡದಲ್ಲಿ ಹಳಿಯ ಉದ್ದ ೩ ಕಿಲೋಮೀಟರಿಗೂ ಕಡಿಮೆ. ಚಿಕ್ಕ ಚಿಕ್ಕ ತೊಟ್ಟಿಗಳನ್ನು ಒಂದರ ಹಿಂದೊಂದು ಎಸೆಯುತ್ತ ಹೋದರೆ ಭಾರಿ ವಿದ್ಯುದಾಗಾರವೂ ಬೇಡ. ಎರಡು ವಾರದ ಹಗಲಿನ ಬಿಸಿಲೇ ಶಕ್ತಿಯನ್ನು ಕೊಡುತ್ತದೆ. ಓನೀಲ್ ಹೇಳಿದ್ದು ಇದನ್ನೇ: ಆಕಾಶದಲ್ಲಿ ಕಟ್ಟಬೇಕಾದುದಕ್ಕೆ ಸಾಮಗ್ರಿಯನ್ನು ಭೂಮಿಯಿಂದ ಹೊರುವುದಕ್ಕಿಂತ ಚಂದ್ರನಿಂದ ಎಸೆಯುವುದು ಸುಲಭ. ಚಂದ್ರನ ಮಣ್ಣಿನಲ್ಲಿ ಸುಮಾರು ೪೦ ಪಾಲಿಗೂ ಮೇಲ್ಪಟ್ಟು ಆಮ್ಲಜನಕವೇ ಇದೆ. ೨೦೨೩ರ ಆಗಸ್ಟ್ ೨೩ರಂದು ದಕ್ಷಿಣ ಧ್ರುವದ ಬಳಿ ಇಳಿದ ನಮ್ಮ ಚಂದ್ರಯಾನ-೩ರ ಪುಟ್ಟ ಬಂಡಿಯೂ ಅಲ್ಲಿನ ಮಣ್ಣಿನಲ್ಲಿ ಅಲ್ಯೂಮಿನಿಯಂ, ಕಬ್ಬಿಣ, ಸಿಲಿಕಾನ್, ಆಮ್ಲಜನಕ ಮುಂತಾದುವನ್ನು ಗುರುತಿಸಿತು.

ಆದರೆ ಹಳಿಯನ್ನು ಅಲ್ಲಿಗೆ ಒಯ್ಯುವವರಾರು? ಮೊದಲ ಸುರುಳಿ, ಮೊದಲ ತಂತಿ, ಮೊದಲ ಕೆಲಸಗಾರ, ಎಲ್ಲವೂ ರಾಕೆಟ್ಟಿನಲ್ಲಿಯೇ ಹೋಗಬೇಕು. ರಾಕೆಟ್ಟನ್ನು ಬಿಡಿಸುವ ಯಂತ್ರಕ್ಕೆ ರಾಕೆಟ್ಟೇ ದಾರಿ ಮಾಡಿಕೊಡಬೇಕಾಗಿದೆ.

ವೃತ್ತಪತ್ರಿಕೆಗಳಲ್ಲಿ ‘ಇನ್ನು ಕಾಸಿನ ಖರ್ಚಿನಲ್ಲಿ ಆಕಾಶಯಾನ’ ಎಂಬಂಥ ಸುದ್ದಿ ಆಗಾಗ ಬರುತ್ತದೆ. ಅದನ್ನು ಪೂರ್ತಿ ನಂಬುವುದೂ ಬೇಡ, ಓದದೆ ನಗುವುದೂ ಬೇಡ. ಹಳಿ ಎಷ್ಟು ಉದ್ದ, ಶಕ್ತಿಯನ್ನು ಎಷ್ಟು ಹೊತ್ತಿನಲ್ಲಿ ಕೊಡಬೇಕು, ದಾರಿಯಲ್ಲಿ ಗಾಳಿಯಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಪೆನ್ಸಿಲು ತೆಗೆದುಕೊಂಡು ಲೆಕ್ಕ ಹಾಕೋಣ. ಒಂಬತ್ತು ಯೂನಿಟ್ಟೆಂಬುದು ಸುಳ್ಳಲ್ಲ; ಆದರೆ ಅದು ಬಿಲ್ಲಿನ ಮೊದಲನೆಯ ಸಾಲು ಮಾತ್ರ.