ಬೆಂಡು ಮುಳುಗಿತು

ಲೇಪಾಕ್ಷಿ ಎಂದೊಡನೆ ಎಲ್ಲರಿಗೂ ವೀರಭದ್ರಸ್ವಾಮಿ ದೇವಾಲಯ, ಒಂದೇ ಕಲ್ಲಿನಲ್ಲಿ ಕೆತ್ತಿದ ದೊಡ್ಡ ಬಸವಣ್ಣ ನೆನಪಾಗುತ್ತವೆ. ರವಿಗೆ ಮಾತ್ರ ಅಲ್ಲಿಯ ಕೆರೆ ನೆನಪಾಗುತ್ತದೆ. ದಸರಾ ರಜೆಯಲ್ಲಿ ಅವನು ಹಿಂದೂಪುರದಿಂದ ಲೇಪಾಕ್ಷಿಯ ತಾತನ ಮನೆಗೆ ಬಂದಿದ್ದನು. ಹಸ್ತ ಮಳೆ ಚೆನ್ನಾಗಿ ಸುರಿದಿತ್ತು. ಕೆರೆಗೆ ಹೊಸ ನೀರು ಬಂದಿತ್ತು.

"ತಾತ, ನನಗೂ ಗಾಳ ಹಾಕುವುದನ್ನು ಕಲಿಸಿ" ಎಂದನು ರವಿ.

"ಕಲಿಸುತ್ತೇನೆ. ಆದರೆ ದೊಡ್ಡವರಿಲ್ಲದೆ ನೀನು ಎಂದೂ ಕೆರೆಗೆ ಹೋಗಬಾರದು. ಬೇಸಿಗೆಯಲ್ಲಿ ಮಣ್ಣು ತೆಗೆದ ಗುಂಡಿಗಳು ಈಗ ನೀರಿನಡಿಯಲ್ಲಿವೆ. ಮೇಲಿನಿಂದ ಕಾಣುವುದಿಲ್ಲ. ಕೆರೆಗೆ ಮೀನುಮರಿ ಬಿಡುವ ಸಂಘದವರ ಒಪ್ಪಿಗೆಯೂ ಬೇಕು. ಅದನ್ನು ನಾನು ನಿನ್ನೆಯೇ ಕೇಳಿ ಬಂದೆ" ಎಂದರು ತಾತ.

ತಾತ ತೆಳ್ಳಗಿನ ಬಿದಿರು ಕೋಲಿಗೆ ನೈಲಾನ್ ದಾರ ಕಟ್ಟಿದರು. ದಾರದ ಕೊನೆಗೆ ಗಾಳ. ಅದರ ಮೇಲೆ ಸಣ್ಣ ಸೀಸದ ಚೂರು. ಇನ್ನೂ ಮೇಲೆ ಜೋಳದ ದಂಟಿನ ಬೆಂಡು.

"ಬೆಂಡು ಏಕೆ ತಾತ?"

"ಬೆಂಡು ತೇಲುತ್ತದೆ. ಗಾಳವನ್ನು ಬೇಕಾದ ಆಳದಲ್ಲಿ ನಿಲ್ಲಿಸುತ್ತದೆ. ಮೀನು ಕಚ್ಚಿದರೆ ನಮಗೆ ಸುದ್ದಿಯನ್ನೂ ಹೇಳುತ್ತದೆ."

ಇಬ್ಬರೂ ಹಿತ್ತಲಿನ ಒದ್ದೆ ಮಣ್ಣು ಕೆದಕಿ ಎರೆಹುಳು ಹಿಡಿದರು. ಎರೆ ಎಂದರೆ ಗಾಳಕ್ಕೆ ಸಿಕ್ಕಿಸುವ ಆಹಾರ. ಅದಕ್ಕೇ ಆ ಹುಳುವಿಗೆ ಎರೆಹುಳು ಎಂದು ಹೆಸರು. ಅಜ್ಜಿ ಒಂದು ತುಂಡು ರಾಗಿ ಮುದ್ದೆ, ಒಂದು ಹಿಡಿ ಕಡಲೆಕಾಯಿ ಹಿಂಡಿ ಕೊಟ್ಟರು.

"ಜಿಲೇಬಿ ಮೀನು ಎರೆಹುಳುವಿಗೂ ಬರುತ್ತದೆ, ಹಿಟ್ಟಿಗೂ ಬರುತ್ತದೆ. ರೋಹು, ಮೃಗಾಲ್, ಗೆಂಡೆ ಮೀನುಗಳಿಗೆ ಮುದ್ದೆ, ಹಿಂಡಿ ಇಷ್ಟ. ಕೊರಮೀನಿಗೆ ಹುಳು, ಕಪ್ಪೆಮರಿ, ಸಣ್ಣ ಮೀನುಗಳೇ ಬೇಕು" ಎಂದರು ತಾತ.

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಅವರು ಕೆರೆಯ ಏರಿಯ ಮೇಲಿದ್ದರು. ತಾತ ಮೊದಲು ಗಾಳಿಯನ್ನು ನೋಡಿದರು.

"ಗಾಳಿ ಯಾವ ದಡದ ಕಡೆಗೆ ಬೀಸುತ್ತದೆಯೋ ಆ ದಡಕ್ಕೆ ಹುಳುಹುಪ್ಪಟೆ ತೇಲಿ ಬರುತ್ತವೆ. ಅವನ್ನು ಹುಡುಕಿಕೊಂಡು ಮೀನೂ ಬರುತ್ತದೆ. ಮಳೆಯಾದ ಮೇಲೆ ಹಳ್ಳದ ನೀರು ಕೆರೆಗೆ ಸೇರುವ ಜಾಗವೂ ಒಳ್ಳೆಯದು. ಜೊಂಡಿನ ಅಂಚೂ ಒಳ್ಳೆಯದು. ತೂಬಿನ ಹತ್ತಿರ ಮಾತ್ರ ಬೇಡ. ಅಲ್ಲಿ ಆಳ, ಸೆಳೆತ ಹೆಚ್ಚು."

"ಯಾವ ಹೊತ್ತು ಒಳ್ಳೆಯದು ತಾತ?"

"ಬೇಸಿಗೆಯಲ್ಲಿ ಬೆಳಗ್ಗೆ ಮತ್ತು ಸಂಜೆ. ಉರಿಬಿಸಿಲಿಗೆ ಮೀನು ಆಳಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಬಿಸಿಲು ಏರಿ ನೀರು ಬೆಚ್ಚಗಾದ ಮೇಲೆ. ಗಾಳಿಯಾಡದೆ ಸೆಕೆಯಾದ ಬೆಳಗ್ಗೆ ಕೆಲವು ಸಲ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದು ಅದರ ಅರ್ಥ. ಆಗ ಅವು ಎರೆಯನ್ನು ತಿರುಗಿಯೂ ನೋಡವು. ಗುಡುಗು ಕೇಳಿದರೆ ಮಾತ್ರ ಕೋಲು ಬಿಟ್ಟು ಮನೆಗೆ ನಡೆಯಬೇಕು."

"ಗಾಳ ಎಷ್ಟು ಆಳದಲ್ಲಿರಬೇಕು?"

"ಮೀನಿನ ಬಾಯಿ ನೋಡಿದರೆ ತಿಳಿಯುತ್ತದೆ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ. ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ಮೃಗಾಲ್‌ನ ಬಾಯಿ ಕೆಳಗಿದೆ. ಅದು ತಳದಲ್ಲಿ ಮೇಯುತ್ತದೆ. ರೋಹು ನಡುನೀರಿನದು."

ರವಿ ಧಪಧಪ ಹೆಜ್ಜೆ ಹಾಕಿದನು. ತಾತ ಕೈಸನ್ನೆ ಮಾಡಿ ನಿಲ್ಲಿಸಿದರು. "ಮೆಲ್ಲಗೆ! ಮೀನಿನ ಎರಡು ಪಕ್ಕದಲ್ಲೂ ಒಂದೊಂದು ಗೆರೆ ಇರುತ್ತದೆ. ನೀರು ಅಲುಗಿದರೆ ಅದಕ್ಕೆ ಆ ಗೆರೆಯಿಂದ ತಿಳಿಯುತ್ತದೆ."

ರವಿ ಎರೆಹುಳು ಸಿಕ್ಕಿಸಿ ಗಾಳ ಬಿಟ್ಟನು. ಬೆಂಡು ನಡುಗಿತು. ಅವನು ಕೋಲು ಎತ್ತಿದನು. ಗಾಳ ಬರಿದಾಗಿತ್ತು!

"ಅವಸರ ಮಾಡಿದೆ. ಬೆಂಡು ನಡುಗಿದರೆ ಮೀನು ರುಚಿ ನೋಡುತ್ತಿದೆ ಎಂದು ತಿಳಿ. ಬೆಂಡು ಪಕ್ಕಕ್ಕೆ ಸರಿದಾಗ, ಇಲ್ಲವೆ ಮುಳುಗಿದಾಗ ಎತ್ತು."

ರವಿ ಉಸಿರು ಬಿಗಿಹಿಡಿದು ಕುಳಿತನು. ಬೆಂಡು ನಡುಗಿತು. ಸರಿಯಿತು. ಮುಳುಗಿತು! ಎತ್ತಿದಾಗ ಅಂಗೈಯಗಲದ ಜಿಲೇಬಿ ಮೀನು ಪಟಪಟ ಒದ್ದಾಡಿತು. ಬಿಸಿಲೇರುವ ಹೊತ್ತಿಗೆ ಇನ್ನೂ ಎರಡು ಸಿಕ್ಕವು.

ಅಷ್ಟರಲ್ಲಿ ಜೊಂಡಿನ ಬಳಿ ರವಿಗೆ ಏನೋ ಕಂಡಿತು. "ತಾತ, ಅಲ್ಲಿ ನೀರು ಕೆಂಪಾಗಿದೆ!"

ಬೆರಳಿನ ಉಗುರಿನಷ್ಟಿದ್ದ ನೂರಾರು ಕೆಂಪು ಮರಿಗಳು ಗುಂಪಾಗಿ ಮಿಸುಕಾಡುತ್ತಿದ್ದವು. ಅವುಗಳ ಕೆಳಗೆ ರವಿಯ ತೋಳಿನಷ್ಟು ಉದ್ದದ ಕಪ್ಪು ಮೀನೊಂದು ಸುತ್ತುತ್ತಿತ್ತು.

"ಕೊರಮೀನು. ಮರಿಗಳನ್ನು ಕಾಯುತ್ತಿದೆ" ಎಂದರು ತಾತ.

"ಅಲ್ಲೇ ಗಾಳ ಹಾಕೋಣ ತಾತ! ಸಿಗುತ್ತದೆಯೇ?"

"ಖಂಡಿತ ಸಿಗುತ್ತದೆ. ಹಸಿವಿಲ್ಲದಿದ್ದರೂ ಕಚ್ಚುತ್ತದೆ. ಮರಿಗಳ ಹತ್ತಿರ ಏನು ಬಂದರೂ ಅದು ಬಿಡುವುದಿಲ್ಲ."

ರವಿ ಕೋಲು ಎತ್ತಿದನು. ತಾತ ತಡೆಯಲಿಲ್ಲ. ಮೆಲ್ಲಗೆ ಕೇಳಿದರು, "ಆಮೇಲೆ ಮರಿಗಳನ್ನು ಯಾರು ಕಾಯುತ್ತಾರೆ?"

ರವಿ ಸುಮ್ಮನಾದನು.

"ನಮ್ಮದು ಮಳೆ ಕಡಿಮೆ ಇರುವ ಸೀಮೆ. ಎಷ್ಟೋ ವರ್ಷ ಕೆರೆ ಬತ್ತಿ ಬಿರುಕು ಬಿಡುತ್ತದೆ. ಕಾಟ್ಲಾ, ರೋಹು ಕೆರೆಯ ನಿಂತ ನೀರಿನಲ್ಲಿ ಮರಿ ಮಾಡವು. ಅವುಗಳ ಮರಿಯನ್ನು ಸಂಘದವರು ತಂದು ಬಿಡುತ್ತಾರೆ. ನಮ್ಮ ಕೆರೆಗೆ ಕೊರಮೀನಿನ ಮರಿಯನ್ನು ಯಾರೂ ತರುವುದಿಲ್ಲ. ಅದು ಮೇಲೆ ಬಂದು ಗಾಳಿಯನ್ನೂ ಉಸಿರಾಡಬಲ್ಲದು. ಆದ್ದರಿಂದ ಕೆಸರಿನಲ್ಲಿ ಅಡಗಿ ಬರಗಾಲ ಕಳೆಯುತ್ತದೆ. ಮಳೆ ಬಂದಾಗ ಮರಿ ಮಾಡುತ್ತದೆ. ಇದನ್ನು ಹಿಡಿದರೆ ಆ ಮರಿಗಳೆಲ್ಲ ಬೇರೆ ಮೀನುಗಳ ಪಾಲು."

ರವಿ ಇನ್ನೊಮ್ಮೆ ಆ ದೊಡ್ಡ ಮೀನನ್ನು ನೋಡಿದನು. ಆಸೆಯಾಯಿತು. ಆದರೂ ಕೋಲಿಗೆ ದಾರ ಸುತ್ತಿದನು.

ಮನೆಗೆ ಬಂದಾಗ ಅಜ್ಜಿ ಕೇಳಿದರು, "ಮೂರೇ ಮೀನೇ? ದೊಡ್ಡದು ಯಾವುದೂ ಇರಲಿಲ್ಲವೇ ಮಗು?"

"ಇತ್ತು ಅಜ್ಜಿ. ಮರಿ ಕಾಯುತ್ತಿತ್ತು. ಬಿಟ್ಟು ಬಂದೆವು" ಎಂದನು ರವಿ.

ಪದಗಳ ಅರ್ಥ
ಬೆಂಡು – ದಂಟಿನ ಒಳಗಿನ ಹಗುರವಾದ ತಿರುಳು
ಹಿಂಡಿ – ಎಣ್ಣೆ ತೆಗೆದ ಮೇಲೆ ಉಳಿಯುವ ಕಾಳಿನ ಭಾಗ
ಏರಿ – ಕೆರೆಯ ಕಟ್ಟೆ
ತೂಬು – ಕೆರೆಯ ನೀರನ್ನು ಹೊರಗೆ ಬಿಡುವ ಕಂಡಿ
ಜೊಂಡು – ನೀರಿನಲ್ಲಿ ಬೆಳೆಯುವ ಒಂದು ಬಗೆಯ ಹುಲ್ಲು

ಅಭ್ಯಾಸ
ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಎರೆಹುಳುವಿಗೆ ಆ ಹೆಸರು ಏಕೆ ಬಂದಿತು?
2. ಮೃಗಾಲ್ ಮೀನು ಎಲ್ಲಿ ಮೇಯುತ್ತದೆ?
3. ರವಿಯ ಗಾಳ ಮೊದಲ ಸಲ ಬರಿದಾದುದು ಏಕೆ?

ಆ. ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗಾಳಿ ಬೀಸುವ ಕಡೆಯ ದಡಕ್ಕೆ ಮೀನುಗಳು ಏಕೆ ಬರುತ್ತವೆ?
2. ತಾತ ತಡೆಯದಿದ್ದರೂ ರವಿ ಕೋಲಿಗೆ ದಾರ ಸುತ್ತಿದನು. ಏಕೆ?

ಇ. ಮಾಡಿ ನೋಡಿರಿ.
ಜೋಳದ ದಂಟಿನ ಬೆಂಡು, ಕಲ್ಲು, ಎಲೆ, ಮೊಳೆ ಇವನ್ನು ಬಕೆಟ್ ನೀರಿಗೆ ಹಾಕಿರಿ. ತೇಲುವ ಮತ್ತು ಮುಳುಗುವ ವಸ್ತುಗಳ ಪಟ್ಟಿ ಬರೆಯಿರಿ. ನಿಮ್ಮ ಊರಿನ ಕೆರೆಯಲ್ಲಿರುವ ಮೀನುಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆಯಿರಿ.