ಎಂಬತ್ತಮೂರನೇ ನಿಮಿಷಕ್ಕೆ ಸಿದ್ಧಳಾಗಿರು

ರಾಯಚೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಕೋಳಿ ಕೂಗುವ ಹೊತ್ತಿಗೇ ಓಡುವ ಹುಡುಗಿಗೆ, ದೇವದುರ್ಗದಲ್ಲಿ ಎರಡು ಕಲ್ಲಿಟ್ಟು ಗೋಲ್ ಮಾಡಿಕೊಂಡವಳಿಗೆ, ಮಾನ್ವಿಯಲ್ಲಿ ಅಣ್ಣನ ಹಳೇ ಬೂಟಿನ ತುದಿಗೆ ಬಟ್ಟೆ ತುರುಕಿ ಫುಟ್ಬಾಲ್ ಆಡುವವಳಿಗೆ ಈ ಸೂತ್ರಗಳು. ಇವನ್ನು ಹೆಕ್ಕಿದ್ದು ಮುಖ್ಯವಾಗಿ ಇಟಲಿಯ ಸ್ಟ್ರೈಕರ್ ಕ್ರಿಸ್ತಿಯಾನಾ ಜಿರೆಲ್ಲಿಯವರ ಆಟದಿಂದ. ಜೊತೆಗೆ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ಇದ್ದಾರೆ. ಅವರದು ಕ್ರಿಕೆಟ್, ಆದರೆ ಅವರು ನಡೆದ ಮಣ್ಣು ನಿನ್ನದೇ.

1. ಓಡುವ ಮೊದಲು ನಿಲ್ಲುವುದನ್ನು ಕಲಿ.
2025ರ ಜುಲೈ 16, ಜಿನೀವಾ. ಮಹಿಳಾ ಯೂರೋ ಕಪ್ ಕ್ವಾರ್ಟರ್ ಫೈನಲ್. ಇಟಲಿ, ನಾರ್ವೆ ಒಂದೊಂದು ಗೋಲ್ ಹೊಡೆದು ಸಮನಾಗಿದ್ದವು. 90ನೇ ನಿಮಿಷದಲ್ಲಿ ಸೋಫಿಯಾ ಕಾಂತೋರೆ ಬದಿಯಿಂದ ಎತ್ತಿಕೊಟ್ಟ ಚೆಂಡಿಗೆ ಜಿರೆಲ್ಲಿ ತಲೆಕೊಟ್ಟರು. ಇಟಲಿ 28 ವರ್ಷದ ಮೇಲೆ ಸೆಮಿಫೈನಲ್ ಕಂಡಿತು. ಆಗ ಅವರಿಗೆ 35 ವರ್ಷ. ಆ ವಯಸ್ಸಿನಲ್ಲಿ ಎಳೆಯರನ್ನು ಓಟದಲ್ಲಿ ಸೋಲಿಸುವುದು ಕಷ್ಟ. ಚೆಂಡು ಬೀಳುವ ಜಾಗವನ್ನು ಮೊದಲೇ ಹಿಡಿದು ಅಲ್ಲಿರುವುದು ಕಷ್ಟವಲ್ಲ, ಕಲಿತಿದ್ದರೆ. ಹೀಗೆ ಮಾಡು: ಗೆಳತಿಗೆ ಬದಿಯಿಂದ ಇಪ್ಪತ್ತು ಸಲ ಚೆಂಡು ಎತ್ತಲು ಹೇಳು. ನೀನು ಮುಟ್ಟಲೇಬೇಡ. ಬಿದ್ದಲ್ಲೆಲ್ಲ ಒಂದೊಂದು ಹರಳು ಇಡು. ಹರಳು ಎಲ್ಲಿ ಗುಂಪಾಗಿವೆ ನೋಡು. ಇಪ್ಪತ್ತೊಂದನೇ ಚೆಂಡಿಗೆ ಅಲ್ಲಿಗೆ ಓಡು.

2. ತಪ್ಪಿದ ಚೆಂಡಿನ ಹತ್ತಿರ ನೀನೇ ಮತ್ತೆ ಹೋಗು.
2019ರ ವಿಶ್ವಕಪ್‌ನಲ್ಲಿ ಜಮೈಕಾ ವಿರುದ್ಧ ಜಿರೆಲ್ಲಿ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದರು. ಆದರೆ ಕೀಪರ್ ಗೆರೆ ಬಿಟ್ಟು ಮುಂಚೆಯೇ ಮುಂದೆ ಬಂದಿದ್ದರಿಂದ ರೆಫ್ರಿ ಮತ್ತೆ ಹೊಡೆಯಲು ಹೇಳಿದರು. ಅದೇ ಹನ್ನೊಂದು ಮೀಟರ್, ಅದೇ ಕೀಪರ್, ಈಗಷ್ಟೇ ಸೋತ ಅದೇ ಕಾಲು. ಗೋಲ್ ಆಯಿತು. ಆಮೇಲೆ ಇನ್ನೆರಡು ಹೊಡೆದು ಹ್ಯಾಟ್ರಿಕ್ ಮಾಡಿದರು. ತಪ್ಪಿದಾಗ ತಲೆ ಮೇಲೆ ಕೈ ಹೊತ್ತು ನಿಲ್ಲಬೇಡ.

3. ಹೊರಗೆ ಕೂತಾಗಲೂ ಆಟದೊಳಗಿರು.
ಇದನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. 2023ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಜಿರೆಲ್ಲಿಯನ್ನು ಇಳಿಸಿದ್ದು 83ನೇ ನಿಮಿಷಕ್ಕೆ. ಅಷ್ಟು ಹೊತ್ತು ಬೆಂಚಿನ ಮೇಲೆ. 87ನೇ ನಿಮಿಷಕ್ಕೆ ತಲೆಯಿಂದ ಗೋಲ್. ಇಟಲಿ 1–0ಯಿಂದ ಗೆದ್ದಿತು. ಬೇಕಾದದ್ದು ನಾಲ್ಕೇ ನಿಮಿಷ.
2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ರಾಜೇಶ್ವರಿಯದೂ ಅದೇ ಕತೆ. ಪಂದ್ಯದ ಮೇಲೆ ಪಂದ್ಯ ಹೊರಗೇ ಇದ್ದರು. ಜುಲೈ 15ರಂದು ಡರ್ಬಿಯಲ್ಲಿ, ಸೋತರೆ ಮನೆಗೆ ಹೋಗಬೇಕಾದ ಪಂದ್ಯದಲ್ಲಿ ನ್ಯೂಜಿಲೆಂಡ್ ಎದುರು ಅವಕಾಶ ಬಂತು. 15 ರನ್‌ಗೆ ಐದು ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಬೆಂಚಿನ ಮೇಲೆ ಕೂತವಳು ಮುಖ ಊದಿಸಿಕೊಂಡು ಚಪ್ಪಲಿ ಹಾಕಿದ್ದರೆ ಈ ದಿನ ಬರುತ್ತಿರಲಿಲ್ಲ. ಬೂಟಿನ ಲೇಸ್ ಬಿಚ್ಚಬೇಡ. ಎದುರಾಳಿ ಡಿಫೆಂಡರ್ ಯಾವ ಕಾಲಿನಲ್ಲಿ ತಿರುಗುತ್ತಾಳೆ, ಯಾವಾಗ ಏದುಸಿರು ಬಿಡುತ್ತಾಳೆ, ನೋಡುತ್ತಿರು.

4. ಹಾಜರಿ ಪುಸ್ತಕದಲ್ಲಿ ಹೆಸರು ಉಳಿಸಿಕೋ.
ಈ ಮಾತು ನಿನಗಿಂತ ನಿಮ್ಮ ಅಪ್ಪ ಅವ್ವನಿಗೆ. ನಮ್ಮ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ ಬಂದರೆ ಮೊದಲು ಶಾಲೆ ತಪ್ಪುವುದು ಹೆಣ್ಣುಮಕ್ಕಳಿಗೆ. ಎಂಟನೇ ತರಗತಿಯಲ್ಲಿ ಗಾಳಿಯಂತೆ ಓಡಿದವಳು ಹತ್ತಕ್ಕೆ ಬರುವಷ್ಟರಲ್ಲಿ ಮೈದಾನದಿಂದಲೇ ಕಾಣೆ. ಶಾಲಾ ಕ್ರೀಡಾಕೂಟದ ಮೆಟ್ಟಿಲುಗಳು ವಲಯ, ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ. ಶಾಲೆಯಲ್ಲಿ ಹೆಸರಿಲ್ಲದವಳಿಗೆ ಮೊದಲ ಮೆಟ್ಟಿಲೂ ಇಲ್ಲ. ಜಿರೆಲ್ಲಿ ಜಿನೀವಾದಲ್ಲಿ ಆ ಗೋಲ್ ಹೊಡೆದದ್ದು 35ಕ್ಕೆ. ನಿನ್ನ ಆಟವನ್ನು 15ಕ್ಕೇ ಮುಗಿಸಲು ಯಾರಿಗೂ ಬಿಡಬೇಡ.

5. ಬಿಸಿಲಿನ ಜೊತೆ ಹಟ ಬೇಡ.
ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಏಳರೊಳಗೆ ಆಟ ಮುಗಿಸು. ನಿಂಬೆ, ಉಪ್ಪು, ಸಕ್ಕರೆ ಹಾಕಿದ ನೀರು ಜೊತೆಗಿರಲಿ.

6. ಪುಸ್ತಕವನ್ನು ಬಿಡಬೇಡ.
ಜಿರೆಲ್ಲಿಗಿಂತ ಹಿಂದಿನ ತಲೆಮಾರಿನ ಕರೋಲಿನಾ ಮೊರಾಚೆ ಇಟಲಿಗಾಗಿ ನೂರಕ್ಕೂ ಹೆಚ್ಚು ಗೋಲ್ ಹೊಡೆದವರು; 1991ರ ಮೊದಲ ಮಹಿಳಾ ವಿಶ್ವಕಪ್‌ನಲ್ಲೇ ಹ್ಯಾಟ್ರಿಕ್. ಅವರು ಕಾನೂನು ಓದಿ ವಕೀಲರಾದರು, 1999ರಲ್ಲಿ ಗಂಡಸರ ವೃತ್ತಿಪರ ತಂಡಕ್ಕೆ ಕೋಚ್ ಆದರು. ಮೊಣಕಾಲು ಕೈಕೊಟ್ಟರೂ ಓದು ಕೈಕೊಡದು.

7. ಬೇಕಾದದ್ದನ್ನು ಬಾಯಿಬಿಟ್ಟು ಕೇಳು.
ವಿಶ್ವಕಪ್ ಮುಗಿಸಿ ಬಂದ ರಾಜೇಶ್ವರಿಗೆ ಕಾರು ಕೊಡುತ್ತೇವೆಂದರು. ಅವರು ಕಾರು ಬೇಡವೆಂದರು, ಬಾಡಿಗೆ ಮನೆಯಲ್ಲಿದ್ದ ಕುಟುಂಬಕ್ಕೆ ಮನೆ ಬೇಕೆಂದರು. ಎಷ್ಟು ನೇರ ಮಾತು! ಇಟಲಿಯ ಹೆಣ್ಣುಮಕ್ಕಳಿಗೂ ವೃತ್ತಿಪರ ಆಟಗಾರ್ತಿಯರೆಂಬ ಸ್ಥಾನ ತಾನಾಗಿ ಬರಲಿಲ್ಲ. ವರ್ಷಗಟ್ಟಲೆ ಕೇಳಿದ ಮೇಲೆ, 2022ರಲ್ಲಿ ಸಿಕ್ಕಿತು. ನೀನು ಕೇಳಬೇಕಾದದ್ದು ಅಷ್ಟು ದೂರದ್ದೇನೂ ಅಲ್ಲ. ಪಿಇಟಿ ಮೇಷ್ಟ್ರ ಕೋಣೆಯ ಕಪಾಟಿನಲ್ಲಿ ಚೆಂಡು ಇರುತ್ತದೆ, ಸಂಜೆ ಅದು ಹುಡುಗರ ಕೈಗೆ ಹೋಗುತ್ತದೆ. ನಾಳೆ ಗಂಟೆ ಬಾರಿಸುವ ಮುಂಚೆ ಇನ್ನಿಬ್ಬರು ಗೆಳತಿಯರನ್ನು ಕರಕೊಂಡು ಆ ಬಾಗಿಲಲ್ಲಿ ನಿಲ್ಲು. "ಸರ್, ಇವತ್ತು ಚೆಂಡು ನಮಗ ಕೊಡ್ರಿ" ಅನ್ನು.