ಚಿಂತೆಯಿಂದಲೂ ಸಕ್ಕರೆ ಏರುತ್ತದೆ

‘ಸಿಹಿ ಮುಟ್ಟಿಲ್ಲ, ಮಾತ್ರೆ ತಪ್ಪಿಸಿಲ್ಲ. ಆದರೂ ರಕ್ತದಲ್ಲಿ ಸಕ್ಕರೆ ಏಕೆ ಏರಿದೆ ಡಾಕ್ಟ್ರೇ?’ ಮಧುಮೇಹಿಗಳು ಆಗಾಗ ಕೇಳುವ ಪ್ರಶ್ನೆಯಿದು. ಕದ್ದು ತಿಂದಿರಬೇಕೆಂದು ಮನೆಯವರು ಗದರುವುದೂ ಉಂಟು. ನಿಧಾನವಾಗಿ ವಿಚಾರಿಸಿದರೆ ತೀರದ ಸಾಲವೋ, ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಹಿರಿಯರ ಆರೈಕೆಯೋ ಹೊರಬರುತ್ತದೆ. ಅವರ ಮಾತು ನಿಜವಿರಬಹುದು.

ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಪುಟ್ಟ ಗ್ರಂಥಿಗಳಿಗೆ ಅಡ್ರಿನಲ್ ಎಂದು ಹೆಸರು. ಹಾವು ಕಂಡೊಡನೆ ಇವು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಸುತ್ತವೆ. ಎದೆ ಬಡಿತ, ರಕ್ತದೊತ್ತಡ ಏರುತ್ತವೆ. ಅದರ ಬೆನ್ನಿಗೇ ಮೆದುಳಿನ ಹೈಪೋಥಲಾಮಸ್ ಹಾಗೂ ಪಿಟ್ಯುಟರಿ ಗ್ರಂಥಿಯ ಆದೇಶದಂತೆ ಕಾರ್ಟಿಸಾಲ್ ಹೊರಬರುತ್ತದೆ. ಇದು ಯಕೃತ್ತಿನಿಂದ ಸಕ್ಕರೆಯನ್ನು ಹೊರಡಿಸುತ್ತದೆ, ಇನ್ಸುಲಿನ್‌ನ ಪ್ರಭಾವವನ್ನು ತಗ್ಗಿಸುತ್ತದೆ. ಓಡಲು ಇಂಧನ ಬೇಕಲ್ಲವೇ? ಅಪಾಯ ಕಳೆದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ.

ಆದರೆ ಸಾಲ, ಕಾಯಿಲೆ, ಕಚೇರಿಯ ಕಿರಿಕಿರಿ ಹಾವಿನಂತೆ ಹರಿದುಹೋಗುವುದಿಲ್ಲ. ಸಹಜವಾಗಿ ಕಾರ್ಟಿಸಾಲ್ ಬೆಳಿಗ್ಗೆ ಹೆಚ್ಚಿದ್ದು, ನಡುರಾತ್ರಿಯ ಹೊತ್ತಿಗೆ ತೀರಾ ತಗ್ಗುತ್ತದೆ. ದೀರ್ಘಕಾಲದ ಒತ್ತಡದಲ್ಲಿ ಈ ಲಯ ತಪ್ಪಬಹುದು. ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟರೆ ಇನ್ಸುಲಿನ್ ಇನ್ನಷ್ಟು ಸೋಲುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಸೇರಬಹುದು. ಮಹಿಳೆಯರಲ್ಲಿ ಮುಟ್ಟು ಏರುಪೇರಾಗಬಹುದು. ಜತೆಗೆ ಹೊತ್ತಿಲ್ಲದ ಹೊತ್ತಿನ ಊಟ, ನಿಂತುಹೋದ ವಾಕಿಂಗ್ ಬೇರೆ.

ಹಾಗೆಂದು ಎಲ್ಲವನ್ನೂ ಚಿಂತೆಯ ಮೇಲೆ ಹಾಕಬೇಡಿ. ಮೂತ್ರದ ಸೋಂಕು, ಕಾಲಿನ ಹುಣ್ಣು, ಕ್ಷಯ, ಕೀಲುನೋವಿಗೋ ಉಬ್ಬಸಕ್ಕೋ ನುಂಗುವ ಸ್ಟೀರಾಯ್ಡ್ ಮಾತ್ರೆಗಳೂ ಸಕ್ಕರೆ ಏರಿಸುತ್ತವೆ. ಮೊದಲು ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳಿ. ಯಾವ ಮಾತ್ರೆಯನ್ನೂ ನೀವಾಗಿಯೇ ಹೆಚ್ಚಿಸಬೇಡಿ, ನಿಲ್ಲಿಸಬೇಡಿ. ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡನ್ನು ಹಠಾತ್ತನೆ ಬಿಟ್ಟರೆ ಪ್ರಾಣಕ್ಕೇ ಅಪಾಯ.

ನೀವು ಮಾಡಬಹುದಾದದ್ದು:

* ದಿನಕ್ಕೆ 30 ನಿಮಿಷ ಚುರುಕಾಗಿ ನಡೆಯಿರಿ. ದುಡಿಯುವ ಸ್ನಾಯು ಇನ್ಸುಲಿನ್ ಸೋತಾಗಲೂ ಸಕ್ಕರೆಯನ್ನು ಹೀರಿಕೊಳ್ಳುತ್ತದೆ.

* ಮಲಗುವ, ಏಳುವ ಹೊತ್ತು ದಿನವೂ ಒಂದೇ ಇರಲಿ. ಕನಿಷ್ಠ 7 ಗಂಟೆ ನಿದ್ದೆ ಬೇಕು. ಸಂಜೆಯ ನಂತರ ಕಾಫಿ, ಹಾಸಿಗೆಯಲ್ಲಿ ಮೊಬೈಲ್ ಬೇಡ.

* ಬೆಳಿಗ್ಗೆ, ಸಂಜೆ 10 ನಿಮಿಷ ಕುಳಿತು ನಿಧಾನವಾಗಿ ಉಸಿರಾಡಿ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನವಾಗಿರಲಿ.

* ರೋಗಿಯ ಆರೈಕೆಯನ್ನು ಮನೆಯ ಎಲ್ಲರೂ ಸರದಿಯಂತೆ ಹಂಚಿಕೊಳ್ಳಿ. ವಾರಕ್ಕೆ ಅರ್ಧ ದಿನವಾದರೂ ಬಿಡುವು ಬೇಕು.

* ಬೀಡಿ, ಸಿಗರೇಟು, ಮದ್ಯ ಚಿಂತೆಗೆ ಮದ್ದಲ್ಲ.

ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ಮನೆಯವರಿಗೂ ಒಂದು ಮಾತು. ಸಕ್ಕರೆ ಏರಿದಾಗ ‘ಏನು ತಿಂದೆ?’ ಎಂದು ಕೇಳುವ ಮೊದಲು, ‘ರಾತ್ರಿ ನಿದ್ದೆ ಬಂತೇ?’ ಎಂದು ಕೇಳಿ.